ಕಾಲು ಊರದೆ ಎಂಟು

ಗುಡ್ಡದ ಮ್ಯಾಲಿನ ಮೈದಾನದಾಗ ಬೆಳಿಗ್ಗೆ ಏಳಕ್ಕ
ಕಬ್ಬಿಣದ ಸರಳು ನೆಟ್ಟು ಎಂಟು ಬರದಾರ.
ಸಾಲಾಗಿ ನಿಂತೀವಿ, ಹೆಲ್ಮೆಟ್ಟಿನೊಳಗ
ಒಬ್ಬೊಬ್ಬರದೂ ಒಂದೊಂದು ಭಾಷೆದ ಬೆವರು.

ಹದಿನೇಳನೇ ನಂಬರು ನಂದು.
ಫಕೀರವ್ವ ಮೈಲಾರಪ್ಪ ಕರಿಗಾರ. ಊರು ಶಿರಹಟ್ಟಿ ಹತ್ರ,
ಈಗ ಸೀತಾಂಗೋಳಿ, ಮೊಯ್ದಿನಬ್ಬನ ಲೈನ್ ಮನಿ, ನಾಲ್ಕನೇ ಬಾಗಿಲು.
ಆಫೀಸಿನ್ಯಾಗ ಕ್ಲಾರ್ಕ್ ಹೆಸರು ಓದಿ ಕುಂಕುಮ ನೋಡಿದ,
ಕುಂಕುಮ ನೋಡಿ ಮತ್ತ ಹೆಸರು ಓದಿದ.
'ಇದು ಯಾವ ಕಡೆಯದ್ದು?' ಅಂದ.
ಅಜ್ಜನ ಗದ್ದಿಗಿ ಕಡೇದು ಅಂದೆ.
ಅವ ಬರಕೊಳ್ಳಲಿಲ್ಲ.

ವಿಳಾಸಕ್ಕ ಪುರಾವೆ ಕೇಳಿದರು.
ಮೂರು ವರ್ಷದ ಕೆಂಪು ಧೂಳು ಸೀರಿ ಅಂಚಿನ್ಯಾಗ ಐತಿ,
ಸಾಬೂನಿಗೂ ಬಿಟ್ಟಿಲ್ಲ, ಅದನ್ನ ಹ್ಯಾಂಗ ಕೊಡಲಿ?
ಮುಂಡು ಮಡಚಿ ಕಟ್ಟಿ ಮೊಯ್ದಿನಬ್ಬ ತಾನ ಬಂದ,
ಛಾಪಾ ಕಾಗದಕ್ಕ ಸಹಿ ಹಾಕಿ
'ಇವಳ ರೊಟ್ಟಿ ನಮ್ಮಲ್ಲಿಯೂ ತಿನ್ನುವುದುಂಟು ಸಾರೇ' ಅಂದ.
ಸೀಲು ಕಾಗದಕ್ಕ ಮಾತ್ರ ಬಿತ್ತು.

ರೊಟ್ಟಿಯಿಂದನ ಎಲ್ಲಾ ಶುರುವಾದದ್ದು.
ಕೋರೆಯೊಳಗ ಕಲ್ಲು ಕೊಯ್ಯೋ ನಮ್ಮವರಿಗೆ
ಕುಚ್ಚಲಕ್ಕಿ ಒಗ್ಗಲಿಲ್ಲ, ಹೊಟ್ಟಿ ಜೋಳ ಕೇಳತಿತ್ತು.
ದಿನಾ ಎಂಬತ್ತು ರೊಟ್ಟಿ ತಟ್ಟಿ, ಹಳೇ ಸ್ಕೂಟಿಗೆ ಕಟ್ಟಿ
ನಾಲ್ಕು ಕೋರೆ ತಿರುಗಿದೆ, ಲೈಸೆನ್ಸ್ ಇಲ್ದ.
ಒಂದಿನ ಪೊಲೀಸ ಕೈ ಅಡ್ಡ ಮಾಡಿದ.
ದಂಡದ ಚೀಟಿ ಪೂರಾ ಮಲಯಾಳ,
ಐದು ಸಾವಿರ ಅನ್ನೋದು ಮಾತ್ರ ಓದಾಕ ಬಂತು.

'ಎಂಟು ಗೊತ್ತುಂಟಲ್ಲ ಮಾರಾಯ್ತಿ, ಶಾಲೆಗೆ ಹೋಗಿದ್ದೀಯಲ್ಲ?'
ಅಂದಳು ಡ್ರೈವಿಂಗ್ ಕಲಿಸೋ ಕುಸುಮಾವತಿ ಟೀಚರ್.
ಹೋಗೀನಿ. ನಮ್ಮ ಪಾಟಿ ಮ್ಯಾಲಿನ ಎಂಟು ಬ್ಯಾರೆ:
೮
ಒಂದು ಕಡೆ ಸುತ್ತಿಕೊಂಡು, ಒಂದು ಕಡೆ ಬಿಚ್ಚಿಕೊಂಡು,
ಎಮ್ಮಿ ಕೊಂಬಿನಂಗ. ಹೊರಗ ಹೋಗಾಕ ದಾರಿ ಐತಿ.
ಇದು
8
ಎಲ್ಲಿ ಹೊಕ್ಕಿಯೋ ಅಲ್ಲೇ ಬರತಿ.

ಮೊದಲನೇ ಸಲ ನಡುವಿನ ಗಂಟಿನ ತನಕ ಬಂದೆ.
'ಕಾಲ್ ಕುತ್ತಲ್ಲೇ!' ಸಾಹೇಬ ಕೂಗಿದ.
ಕಾಲಿಗೆ ಕುತ್ತು ಬಂತು ಅಂದ್ಕೊಂಡೆ ನಾನು,
ಹಾವೋ ಚೇಳೋ ಅಂತ ಗಾಬರಿಬಿದ್ದು
ಎರಡೂ ಕಾಲು ನೆಲಕ್ಕ ಕುಟ್ಟಿಬಿಟ್ಟೆ.
ಎಲ್ಲಾರೂ ನಕ್ಕರು. ಟೀಚರ್ ಆಮ್ಯಾಲೆ ಹೇಳಿದಳು,
ಇಲ್ಲಿ ಕುತ್ತು ಅಂದ್ರ ಊರೋದು.
ಕಾಲು ಊರಬ್ಯಾಡ ಅಂದದ್ದು ಅವರು.

ಮತ್ತ ಹದಿನೈದು ದಿನ.
ಕಲ್ಲು ತೀರಿದ ಹಳೇ ಕೋರೆ, ತಳ ಹಲಗಿಯಂಗ ಸಮ,
ಸುತ್ತ ಎರಡಾಳೆತ್ತರ ಕೊಯ್ದ ಗ್ವಾಡಿ.
ಸಂಜಿಕ ಮೈಲಾರಪ್ಪ ಜೋಳದ ಹಿಟ್ಟು ಚೆಲ್ಲಿ ಎಂಟು ಬರದ.
ಹಿಟ್ಟು ಹಾಳಮಾಡತಿ ಅಂತ ಬೈದೆ, ಹುಳ ಹಿಡದದ್ದು ಅಂದ.
ಬಿದ್ದೆ. ಮೊಣಕಾಲು ಕೆತ್ತಿತು.
ರಕ್ತ ಯಾವದು ಮಣ್ಣು ಯಾವದು, ತೊಳೆದ ಮ್ಯಾಲೇ ಗೊತ್ತಾತು.
ಹತ್ತನೇ ದಿನವೋ ಏನೋ, ತಿಳೀತು:
ತಟ್ಟುವಾಗ ನಾನು ಎಂದರ ರೊಟ್ಟಿ ತಿರುಗಿಸೀನೇನು?
ಅಂಗೈ ಒಂದೀಟು ಓರೆ ಬೀಳತೈತಿ,
ಅದು ತಾನ ತಿರುಗತೈತಿ.
ಹ್ಯಾಂಡಲ್ ಬಿಗಿ ಹಿಡಿಯೋದು ಬಿಟ್ಟೆ.
ಒಂದು ರೊಟ್ಟಿ ಹಿಂಗ, ಇನ್ನೊಂದು ರೊಟ್ಟಿ ಹಂಗ.

ಇವತ್ತು 'ಪದಿನೇಳ್' ಅಂತ ಕೂಗಿದರು.
ಪಕಾರ ಹಕಾರ ಆದರ ನನ್ನ ಪಾಳಿ, ಅಷ್ಟು ಭಾಷೆ ಬಂದೈತಿ.
ಸುತ್ತಿದೆ. ಸಾಕಾಗೋ ಅಷ್ಟು ಸುತ್ತಿ ಮತ್ತೊಂದು ಸುತ್ತಿದೆ.
ಸಾಹೇಬ ಕೈ ಎತ್ತಿ 'ಮದಿ, ಮದಿ' ಅಂದ,
ನಿಲ್ಲೋದು ಹ್ಯಾಂಗ ಅನ್ನೋದು ಮರತಿತ್ತು ನನಗ.
'ಇನಿ ಕುತ್ತಿಕ್ಕೋ' ಅಂದ.

ಊರಿದೆ.
ನೆಲ ಆಗಲೇ ಕಾದಿತ್ತು. ಒಂದು ಚಪ್ಪಲಿ
ಎಲ್ಲೋ ಕಳಚಿ ಬಿದ್ದಿತ್ತು, ಸುತ್ತಿನ ನಡುವ,
ಹದಿನೆಂಟನೇ ನಂಬರಿನ ಹುಡುಗ
ಅದನ್ನ ತಪ್ಪಿಸಿಕೊಂಡು ಹೊಂಟಿದ್ದ.